ಬಟಾಣಿ ಕಾಳಿನ ಇಂಗ್ಲಿಷ್

ಆಗೆಲ್ಲ ದಿಲ್ಲಿಯ ಚಳಿಗಾಲವೆಂದರೆ ಬಟಾಣಿ ಸುಲಿಯುವ ಕಾಲ. ಆರ್.ಕೆ.ಪುರಂನ ನಮ್ಮ ಕ್ವಾರ್ಟರ್ಸಿನ ಹೆಂಗಸರು ಮಧ್ಯಾಹ್ನದ ಬಿಸಿಲಿಗೆ ಪಾರ್ಕಿನಲ್ಲಿ ಚಾದರ ಹಾಸಿ ಕೂರುತ್ತಿದ್ದರು. ನಾನು ಸುಲಿದದ್ದಕ್ಕಿಂತ ತಿಂದದ್ದೇ ಹೆಚ್ಚು.

ನಾನು ಆರನೇ ಕ್ಲಾಸಿನಲ್ಲಿದ್ದೆ. ಮೈಸೂರಿನಲ್ಲಿ ಬಿ.ಎಡ್. ಮುಗಿಸಿ, ಅಪ್ಪನ ಸರ್ಕಾರಿ ನೌಕರಿಯ ಹಿಂದೆ ಇಲ್ಲಿಗೆ ಬಂದಿದ್ದ ಅಮ್ಮನಿಗೆ ವಿಜ್ಞಾನದ ಟೀಚರ್ ಆಗುವ ಆಸೆ. ಒಂದು ಶಾಲೆಯಲ್ಲಿ ಪಾಠ ಮಾಡಿ ತೋರಿಸಿದ್ದಳು. ಅವಳು ‘ಅಟಾಮಿಕ್’ ಅಂದ ರೀತಿಗೆ ಮಕ್ಕಳು ನಕ್ಕರಂತೆ, ಕೆಲಸ ಸಿಗಲಿಲ್ಲ. ಹತ್ತು ದಿನ ಬಿಟ್ಟು ಬಂದು ಪಾಠ ಮಾಡಿ ತೋರಿಸಿ ಅಂತ ಇನ್ನೊಂದು ಶಾಲೆ ಕರೆದಿತ್ತು.

“ನೀನು ನನ್ನ ಇಂಗ್ಲಿಷ್ ತಿದ್ದು. ಆಮೇಲೆ ನಾನು ನಿನಗೆ ಕನ್ನಡ ಕಲಿಸ್ತೀನಿ,” ಅಂದಳು ಅಮ್ಮ.

“ಅಚ್ಛಾ, ಡೀಲ್! ನೀನು ಎಲ್ಲಾ ಅಕ್ಷರಾನೂ ಬರಾಬರ್, ಒಂದೇ ಸಮ ಹೇಳ್ತೀಯಮ್ಮ. ಒಂದನ್ನ ಮಾತ್ರ ಜೋರಾಗಿ ಹೇಳ್ಬೇಕು.”

ಚಾದರದ ಮೇಲೆ ಎರಡು ಕಾಳಿಟ್ಟೆ, ಮೊದಲನೆಯದು ದಪ್ಪ: ಆ-ಟಮ್. ಬಾಲಕ್ಕೆ ‘ಇಕ್’ ಅಂಟಿಸಿದರೆ ಮೂರು ಕಾಳು, ದಪ್ಪದ್ದು ನಡುವಿಗೆ: ಅ-ಟಾ-ಮಿಕ್. ಮ್ಯಾಗ್ನೆಟ್, ಮ್ಯಾಗ್ನೆಟಿಕ್ ಕೂಡ ಹಾಗೇ.

“ಹಿಂದೆ ಯಾರೋ ಹೊಸಬರು ಹತ್ತಿದ್ರೆ ಈ ದಪ್ಪನೆಯವನ್ಯಾಕೆ ಸೀಟು ಬದಲಾಯಿಸ್ತಾನೆ? ಬಸ್ಸೇನೇ ಇದು?” ಅಂತ ಅಮ್ಮ ಬೆರಗಾದಳು. ‘ಕಲರ್’ ಅನ್ನು ‘ಕಲರ್‌ಫುಲ್’ ಮಾಡಿ ನೋಡಿದಳು. ಒಂದು ಕಾಳು ಹೆಚ್ಚಿತು, ದಪ್ಪದ್ದು ಮಾತ್ರ ಕದಲಲಿಲ್ಲ. “ಫುಲ್ ಬಂದ್ರೆ ಏಳಲ್ಲ, ಇಕ್ ಬಂದ್ರೆ ಓಡ್ತಾನೆ. ಎಂಥ ಘಾಟಿ ಭಾಷೆ!” ಅಂದಳು. ನನಗೂ ಅಲ್ಲಿಯವರೆಗೆ ಅದು ಹೊಳೆದಿರಲಿಲ್ಲ. ಆಮೇಲೆ ಇಬ್ಬರಿಗೂ ಹುಚ್ಚೇ ಹಿಡಿಯಿತು. ಹತ್ತು ದಿನವೂ ಸಿಕ್ಕ ಸಿಕ್ಕ ಪದಕ್ಕೆ ಬಾಲ ಅಂಟಿಸಿ ಯಾರು ಕದಲುತ್ತಾರೆಂದು ನೋಡಿದ್ದೇ ನೋಡಿದ್ದು. ಆ ದಿನಗಳಲ್ಲಿ ಮಟರ್ ಪುಲಾವ್ ಒಮ್ಮೆಯೂ ಹೊತ್ತಿಗೆ ಸರಿಯಾಗಿ ಆಗಲಿಲ್ಲ.

ಪಾಠದ ದಿನ ನಾನು ಬಾಗಿಲಲ್ಲೇ ಕಾದಿದ್ದೆ. ಅಮ್ಮ ಬಂದವಳೇ ಸ್ವೆಟರ್ ಜೇಬಿನಿಂದ ಮೂರು ಬಾಡಿದ ಕಾಳು ತೆಗೆದಳು, ನಡುವಿನದು ದಪ್ಪ.

“ಬೋರ್ಡಿನ ಹತ್ತಿರ ನಿಂತು ಜೇಬಿಗೆ ಕೈ ಹಾಕಿದೆ. ಇದನ್ನ ಮುಟ್ಟಿಕೊಂಡು ಹೇಳಿದೆ. ಯಾರೂ ನಗಲಿಲ್ಲ ಕಣೇ. ಸೋಮವಾರದಿಂದ ಬನ್ನಿ ಅಂದ್ರು.”

ನಾನು ಕುಣಿದಾಡಿಬಿಟ್ಟೆ.

ಸೋಮವಾರದಿಂದ ಅಮ್ಮನಿಗೆ ಶಾಲೆ, ನೋಟ್‌ಬುಕ್ಕುಗಳ ರಾಶಿ. “ಕನ್ನಡಕ್ಕೆ ಕೂತ್ಕೋತೀಯಾ?” ಅಂತ ಭಾನುವಾರಗಳಲ್ಲಿ ಕರೆಯುತ್ತಿದ್ದಳು. “ಕಲ್, ಅಮ್ಮ,” ಅಂತ ನಾಳೆಗೆ ತಳ್ಳಿ ನಾನು ಆಡಲು ಓಡುತ್ತಿದ್ದೆ. ಆಮೇಲಾಮೇಲೆ ಅವಳು ಕರೆಯುವುದನ್ನೇ ಬಿಟ್ಟಳು.

ಈಗ ಗುರುಗ್ರಾಮದ ನನ್ನ ಫ್ಲಾಟಿಗೆ ಸುಲಿದ ಬಟಾಣಿಯೇ ಬರುತ್ತದೆ. ಕನ್ನಡ ಓದು ಬರಹವನ್ನು ಅಮ್ಮ ಹೋದಮೇಲೆ, ಮೂವತ್ತು ದಾಟಿ, ಒಬ್ಬಳೇ ಕಲಿತೆ. ಮಾತಾಡಿದರೆ ಮೈಸೂರಿನ ಚಿಕ್ಕಮ್ಮ ಇವತ್ತಿಗೂ ನಗುತ್ತಾರೆ: “ಒಂದೊಂದು ಪದದಲ್ಲೂ ಒಂದಕ್ಷರನ ಒತ್ತಿ ಒತ್ತಿ ಹೇಳ್ತೀಯಲ್ಲೇ! ಎಲ್ಲಾನೂ ಸಮವಾಗಿ ಹೇಳು.”

ಮೊನ್ನೆ ಮೇಜಿನ ಮೇಲೆ ಒಂದೇ ಗಾತ್ರದ ಕಾಳುಗಳನ್ನು ಸಾಲಾಗಿ ಇಟ್ಟು ಒಂದು ಕನ್ನಡ ಪದ ಹೇಳಿ ನೋಡಿದೆ. ಸರಿಯಾಯಿತೋ ಇಲ್ಲವೋ, ಹೇಳಲು ಎದುರಿಗೆ ಅಮ್ಮ ಇರಲಿಲ್ಲ.