ಕುಂಕುಮ ಹಚ್ಚಿದ ಸೆಂಟ್ರಿಫ್ಯೂಜು

'ಆ ಹುಡುಗಿ ಬೇಕಾದ್ದನ್ನು ಎಸೆದು ಬೇಡದ್ದನ್ನು ಇಟ್ಟುಕೊಂಡಳು' ಎಂಬ ಕಥೆಯನ್ನು ನಮ್ಮ ಲ್ಯಾಬಿನಲ್ಲಿ ಹೊಸಬರಿಗೆಲ್ಲ ನಗುತ್ತಾ ಹೇಳುತ್ತಾರೆ. ಎಸೆದದ್ದು ಅವಳೇ, ಒಪ್ಪುತ್ತೇನೆ. ಆದರೆ ತಪ್ಪೂ ಅವಳದೇ ಎನ್ನುವುದಕ್ಕೆ ಪುರಾವೆ ಎಲ್ಲಿದೆ?

ವಿಮಾನ ನಿಲ್ದಾಣ ಬಂದಮೇಲೆ ದೊಡ್ಡಬಳ್ಳಾಪುರದ ಹೊರಗೆ ಎದ್ದ ಶೆಡ್ಡುಗಳಲ್ಲಿ ನಮ್ಮದೂ ಒಂದು. ಎಳೆದು ಬಿಟ್ಟ ಚರ್ಮವನ್ನು ಹಿಂದಕ್ಕೆ ಸೆಳೆಯುವ ಎಲಾಸ್ಟಿನ್‌ನ ಮಾದರಿಯಲ್ಲಿ ನಾವೊಂದು ಪ್ರೋಟೀನು ಮಾಡುತ್ತಿದ್ದೆವು. ತಣ್ಣಗಿದ್ದರೆ ಅದು ನೀರಿನಲ್ಲಿ ಕರಗಿರುತ್ತದೆ. ಬೆಚ್ಚಗಾದರೆ ಒಡೆದ ಹಾಲಿನಂತೆ ಗಂಟುಕಟ್ಟುತ್ತದೆ. ಮೊಣಕಾಲಿಗೆ ಚುಚ್ಚಿದರೆ ಮೈಬಿಸಿಗೆ ಅಲ್ಲೇ ಕೂತು, ಹೊತ್ತು ತಂದ ಔಷಧಿಯನ್ನು ನಿಧಾನವಾಗಿ ಬಿಡಬೇಕು. ಅದನ್ನು ಶುದ್ಧಿ ಮಾಡುವುದೂ ಇದೇ ಗುಣದಿಂದ. ಟ್ಯೂಬುಗಳನ್ನು ಗಿರಗಿರನೆ ತಿರುಗಿಸುವ ಸೆಂಟ್ರಿಫ್ಯೂಜಿನಲ್ಲಿಟ್ಟು ಬೆಚ್ಚಗೆ ತಿರುಗಿಸಿದರೆ ಪ್ರೋಟೀನು ತಳಕ್ಕಿಳಿಯುತ್ತದೆ, ಮೇಲಿನ ನೀರು ಚೆಲ್ಲಬೇಕು. ಮತ್ತೆ ಕರಗಿಸಿ ತಣ್ಣಗೆ ತಿರುಗಿಸಿದರೆ ಕೊಳೆ ಮಾತ್ರ ತಳಕ್ಕಿಳಿಯುತ್ತದೆ. ಆಗ ನೀರು ಇಟ್ಟುಕೊಂಡು ತಳದ್ದನ್ನು ಎಸೆಯಬೇಕು.

ಹುಡುಗಿ ಊರಿನ ನೇಕಾರರ ಮನೆಯವಳು, ಮಗ್ಗದ ಸದ್ದಿನಲ್ಲೇ ಓದಿ ಎಂಎಸ್ಸಿ ಮುಗಿಸಿದವಳು. ಅವಳ ಕೈಲಿದ್ದ ಪ್ರೋಟೀನಿನ ಬ್ಯಾಚು ಸರಿಬಂದರೆ ಅವಳ ಕೆಲಸ ಕಾಯಂ.

ಆಯುಧಪೂಜೆಗೆ ನಮ್ಮ ಬಾಸ್, ಫೋಟೊ ಚೆನ್ನಾಗಿ ಬರಲೆಂದು, ಸೆಂಟ್ರಿಫ್ಯೂಜನ್ನು ಗೋಡೆಗೆ ಒತ್ತಿ ನಿಲ್ಲಿಸಿದರು. ಬೆನ್ನಿನ ಗಾಳಿಕಿಂಡಿಗೆ ಅಡ್ಡಲಾಗಿ ಬಾಳೆಕಂದು ಕಟ್ಟಿಸಿದರು. ತಾಪಮಾನ ತೋರಿಸುವ ಗಾಜಿಗೆ ಅಂಗೈಯಗಲ ಗಂಧ, ಕುಂಕುಮ ಬಳಿದರು. ಗಾಳಿಯಾಡದ ಯಂತ್ರ ತಣ್ಣಗಾಗುವುದು ಹಾಗಿರಲಿ, ತಿರುಗಿ ತಿರುಗಿ ಕಾಯುತ್ತದೆ. ರಜೆ ಮುಗಿಸಿ ಬಂದ ಹುಡುಗಿ ಗಾಜು ಒರೆಸಲು ಹೋದಳು.

"ಒರೆಸ್ಬೇಡಮ್ಮಾ, ತಾನಾಗೇ ಉದುರ್ಲಿ. ಅಷ್ಟೂ ಭಯಭಕ್ತಿ ಬೇಡ್ವಾ?" ಎಂದರು ಬಾಸ್.

"ಟೆಂಪರೇಚರ್ ಕಾಣ್ತಿಲ್ಲ ಸಾರ್."

"ನಾಲ್ಕು ಡಿಗ್ರಿಗೆ ನಾನೇ ಸೆಟ್ ಮಾಡಿದೀನಿ. ನಡಿ."

ತಣ್ಣಗೆ ತಿರುಗಿಸುವ ಸರದಿ ಮುಗಿದಾಗ ಅವಳು ಟ್ಯೂಬು ಹಿಡಿದು ಅವರ ಬಳಿ ಹೋದಳು. "ಸಾರ್, ತಳದಲ್ಲಿ ಇವತ್ತು ಜಾಸ್ತಿ ಕೂತಿದೆ."

ಅವರು ತೆಗೆದುಕೊಂಡು ಬೆಳಕಿಗೆ ಹಿಡಿದರು. "ಕೊಳೆ ಕಣಮ್ಮಾ. ಎಸಿ."

ಎಸೆದಳು. ಉಳಿದ ನೀರನ್ನು ಪರೀಕ್ಷಿಸಿದರೆ ಪ್ರೋಟೀನಿನ ಸುಳಿವಿಲ್ಲ.

ಮೀಟಿಂಗಿನಲ್ಲಿ ಅವಳನ್ನು ನಿಲ್ಲಿಸಿಯೇ ಮಾತಾಡಿದರು. "ನೂಲು ಸುತ್ತೋ ಕೈಗೆ ಟ್ಯೂಬ್ ಕೊಟ್ಟಿದ್ದು ನಂದೇ ತಪ್ಪು," ಎಂದರು ಬಾಸ್. "ಮೇಲಿಂದ್ಯಾವ್ದು ಕೆಳಗಿಂದ್ಯಾವ್ದು ಗೊತ್ತಾಗ್ದೋಳು, ಸೀರೆ ಹೆಂಗಮ್ಮಾ ಉಟ್ಕೊಂಡ್ ಬಂದೆ?" ಎಂದ ಒಬ್ಬ ಸೀನಿಯರ್. ಮೇಜಿನ ಸುತ್ತ ನಗೆ.

"ಎಸಿ ಅಂದಿದ್ದು ನೀವೇ ಸಾರ್," ಎಂದಳು.

"ನೋಡ್ರಪ್ಪಾ, ಬಾಯಿ ಬೇರೆ!"

"ಯಂತ್ರ ಈಚೆಗೆಳೆದು ಒಂದ್ಸಲ ನೋಡೋಣ ಸಾರ್," ಎಂದೆ ನಾನು.

"ಲೇ, ಡಿಬೇಟ್ ಮಾಡೋಕೆ ಸಂಬಳ ಕೊಡ್ತಿಲ್ಲ ಕಣೋ. ಅವಳ ಜೊತೆ ಹೋಗ್ತೀಯಾ?"

ಸಂಜೆಯೊಳಗೆ ಅವಳ ಗುರುತಿನ ಚೀಟಿ ಕಿತ್ತುಕೊಂಡರು. ಮರುದಿನ ಬಾಸ್ ಒಬ್ಬರೇ ಬೇಗ ಬಂದು, ಯಂತ್ರವನ್ನು ಗೋಡೆಯಿಂದ ಈಚೆಗೆಳೆದು, ಕುಂಕುಮ ಒರೆಸುತ್ತಿದ್ದುದನ್ನು ಬಾಗಿಲಲ್ಲೇ ನಿಂತು ನೋಡಿದೆ. ಅದೇ ದೀಪಾವಳಿಗೆ, ಸಿಬ್ಬಂದಿಗೆ ಹಂಚುವ ಸೀರೆಗಳನ್ನು ಅವಳ ಅಪ್ಪನಿಂದಲೇ ಚೌಕಾಸಿ ಮಾಡಿ ತರಿಸಿದರು. ಅದನ್ನೂ ಉಪಕಾರವೆಂದು ಹೇಳಿಕೊಂಡರು.

ಇರಲಿ. ಭಕ್ತಿ, ಅನುಭವ, ಉಪಕಾರ ಎಲ್ಲ ನಿಮ್ಮದೇ ಸಾರ್. ನನ್ನದು ಒಂದೇ ಪ್ರಶ್ನೆ. ನಾನು ಪಕ್ಕದ ಮೇಜಿನಲ್ಲೇ ಇದ್ದೆ, ನಿಮ್ಮ ಕೈಯಲ್ಲಿ ಗ್ಲೌಸ್ ಇರಲಿಲ್ಲ: ಅವಳು ಕೊಟ್ಟ ಆ ಟ್ಯೂಬು ತಣ್ಣಗಿತ್ತೋ, ಬೆಚ್ಚಗಿತ್ತೋ?