ಗಂಟಲಿಗೆ ಕೆಲಸವಿಲ್ಲದ ಶಿಬಿರ

ಡ್ರಿಲ್ ಟೀಚರಮ್ಮನಿಗೆ ಸೀಟಿಯೆಂದರೆ ಮೂಗುತಿಗಿಂತ ಒಂದು ಕೈ ಮೇಲು. ನನ್ನದು ಹಿತ್ತಾಳೆಯದು, ಕಪ್ಪು ದಾರಕ್ಕೆ ಕಟ್ಟಿದ್ದು, ಸದಾ ಸೆರಗಿನ ಮರೆಯಲ್ಲಿ ಬೆಚ್ಚಗೆ ಕೂತಿರುತ್ತಿತ್ತು. ಆರ್.ಟಿ. ನಗರದ ನಮ್ಮ ಹೆಣ್ಣುಮಕ್ಕಳ ಶಾಲೆಯ ಮೈದಾನದಲ್ಲಿ ಅದನ್ನೊಮ್ಮೆ ಊದಿದರೆ ಮಕ್ಕಳು ಸಾಲುಗಟ್ಟುವುದಿರಲಿ, ಎದುರು ರಸ್ತೆಯ ಸೊಪ್ಪಿನ ಗಾಡಿಯವನೂ ತನ್ನದೇನೋ ತಪ್ಪಾಯಿತೆಂದು ನಿಂತುಬಿಡುತ್ತಿದ್ದ. ಸೀಟಿ ಮರೆತ ದಿನ ಗಂಟಲಿತ್ತು. ಅದು ಸೀಟಿಗೇನೂ ಕಡಿಮೆಯಲ್ಲವೆಂದು ನಮ್ಮ ಯಜಮಾನರು ಆಗಾಗ, ಪಕ್ಕದ ಮನೆಯವರು ಪದೇ ಪದೇ ನೆನಪಿಸುತ್ತಿದ್ದರು. ಇಂಥ ನನ್ನನ್ನು, ಎಪ್ಪತ್ತರ ದಶಕ ಮುಗಿಯುತ್ತಿದ್ದ ಒಂದು ಬೇಸಿಗೆಯಲ್ಲಿ, ಕಿವಿ ಕೇಳದ ಮಕ್ಕಳ ರಜಾ ಶಿಬಿರ ನಡೆಸಿಕೊಡಲು ಕರೆದರು ಎಂದರೆ, ದೇವರಿಗೂ ಒಮ್ಮೊಮ್ಮೆ ಹೊತ್ತು ಹೋಗುವುದಿಲ್ಲವೆಂದು ಕಾಣುತ್ತದೆ.

ಕರೆದವರು ಆ ಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿ ಲಲಿತಮ್ಮನವರು. ಗಂಜಿ ಹಾಕಿದ ಸೀರೆಯಷ್ಟೇ ಗರಿಗರಿಯಾದ ಹೆಂಗಸು. ಚಿಕ್ಕಜಾಲದ ಹತ್ತಿರ, ಮಾವಿನ ತೋಪಿಗೆ ಅಂಟಿಕೊಂಡ ಹಳ್ಳಿ ಶಾಲೆಯೊಂದು ರಜೆಗೆ ಖಾಲಿ ಬಿದ್ದಿತ್ತು. ಒಂದು ವಾರ ಮಕ್ಕಳು ಅಲ್ಲೇ ಉಂಡು, ಮಲಗಿ, ಮರ ಹತ್ತಿ, ಗಾಳಿಪಟ ಹಾರಿಸಿ, ಕೆರೆಯ ಏರಿಯ ಮೇಲೆ ನಡೆದಾಡಬೇಕೆಂಬುದು ಅವರ ಯೋಜನೆ. ಜೊತೆಗೊಂದು ಕಟ್ಟುನಿಟ್ಟಿನ ನಿಯಮ: ಕೈಸನ್ನೆ ಕೂಡದು. "ಹೊರಗಿನ ಜನ ಬಾಯಲ್ಲೇ ಮಾತಾಡೋದು. ಕೈಗೆ ಅಭ್ಯಾಸ ಆದ್ರೆ ಬಾಯಿ ಸೋಮಾರಿ ಆಗತ್ತೆ ಕಣ್ರೀ," ಎನ್ನುತ್ತಿದ್ದರು. ಆ ಕಾಲದಲ್ಲಿ ಬಲ್ಲವರೆಲ್ಲ ಹಾಗೇ ನಂಬಿದ್ದರು. ನಾನಂತೂ ಬಲ್ಲವಳೂ ಅಲ್ಲ, ತಲೆಯಾಡಿಸಿದೆ.

ಮೊದಲ ಬೆಳಿಗ್ಗೆಯೇ, ಅಭ್ಯಾಸಬಲ ನೋಡಿ, ಅಂಗಳದ ನಡುವೆ ನಿಂತು ಉಸಿರು ಕಟ್ಟಿ ಸೀಟಿ ಊದಿದೆ. ತೋಪಿನ ಕಾಗೆಗಳೆಲ್ಲ ಅತ್ಯಂತ ಶಿಸ್ತಿನಿಂದ ಎದ್ದು ಹೋದವು. ಮಕ್ಕಳು ಮಾತ್ರ ಉಬ್ಬಿದ ನನ್ನ ಕೆನ್ನೆಗಳನ್ನು ಬಹಳ ಆಸಕ್ತಿಯಿಂದ ನೋಡಿದರು. ಮರುದಿನದಿಂದ ನನ್ನನ್ನು ಕಂಡಾಗಲೆಲ್ಲ ಒಬ್ಬೊಬ್ಬರೂ ಕೆನ್ನೆಯುಬ್ಬಿಸಿ ಎರಡು ಬೆರಳನ್ನು ತುಟಿಗೆ ತಾಗಿಸತೊಡಗಿದರು. ನಮಸ್ಕಾರವಿರಬೇಕೆಂದುಕೊಂಡು ನಾನೂ ಅಷ್ಟೇ ಗೌರವದಿಂದ ಹಾಗೇ ಮಾಡಿ ಹಿಂದಿರುಗಿಸುತ್ತಿದ್ದೆ. ಕೊನೆಗೆ ಅವರಲ್ಲೊಬ್ಬ, ಬಾಗಲಗುಂಟೆಯ ನಾಗರಾಜ, ಗುಟ್ಟು ಬಿಟ್ಟ. ಏಳನೆಯ ವಯಸ್ಸಿನಲ್ಲಿ ಜ್ವರ ಬಂದು ಕಿವಿ ಕಳೆದುಕೊಂಡ ಹುಡುಗನಾದ್ದರಿಂದ ಅವನಿಗೆ ಮಾತು ಉಳಿದಿತ್ತು. ಎಡಗಿವಿಗೆ ತುಸು ಸದ್ದೂ ತಾಗುತ್ತಿತ್ತು, ಕೂಗುವವರ ಗಂಟಲು ನನ್ನಂಥದ್ದಾಗಿದ್ದರೆ.

"ಅದು ನಮಸ್ಕಾರ ಅಲ್ಲ ಕಣಕ್ಕಾ. ಅದು ನಿಮ್ಮೆಸ್ರು."

ಅಂದರೆ ಎರಡು ದಿನದಿಂದ ನಾನು ಎಲ್ಲರೆದುರು ನಿಂತು 'ನಾನೇ ಊದಿದ ಕೆನ್ನೆ, ನಾನೇ ಊದಿದ ಕೆನ್ನೆ' ಎಂದು ಸಾರಿಕೊಳ್ಳುತ್ತಿದ್ದೆ! ನಾಮಕರಣವನ್ನು ಇಷ್ಟು ಶ್ರದ್ಧೆಯಿಂದ ಒಪ್ಪಿಕೊಂಡವರು ಯಾರಾದರೂ ಇದ್ದಾರೆಯೇ, ನೀವೇ ಹೇಳಿ.

ಹೆಸರಿಟ್ಟವಳು ಜಬೀನ. ಹತ್ತು ವರ್ಷದ ಹುಡುಗಿ, ಎರಡು ಜಡೆ, ಜಡೆಗಿಂತ ಚುರುಕಾದ ಕಣ್ಣು. ಲಲಿತಮ್ಮನವರು ಒಳಗೆ ಹೋದರೆಂದರೆ ಸಾಕು, ಮಾವಿನ ಮರದ ಕೆಳಗೆ ಅವಳ ಸಭೆ ಸೇರುತ್ತಿತ್ತು. ಬಸ್ಸಿನ ಕಂಡಕ್ಟರು, ಹಲ್ಲಿಲ್ಲದ ಅಜ್ಜಿ, ಸೊಟ್ಟಗೆ ನಡೆಯುವ ಕೋಳಿ ಎಲ್ಲರೂ ಅವಳ ಹತ್ತು ಬೆರಳಿನಲ್ಲಿ ವಾಸವಾಗಿದ್ದರು. ಲಲಿತಮ್ಮನವರ ಸೀರೆಯ ಅಂಚು ಬಾಗಿಲಲ್ಲಿ ಕಾಣಿಸಿದ ಕ್ಷಣ ಎಲ್ಲ ಕೈಗಳೂ ತೊಡೆಯ ಮೇಲಿಳಿದು, ಸಭೆಯು ಪಾಪದ ಮಕ್ಕಳ ಗುಂಪಾಗಿಬಿಡುತ್ತಿತ್ತು. ನಾನು ನೋಡಿಯೂ ನೋಡದವಳಂತೆ ಮಾವಿನಕಾಯಿ ಎಣಿಸುತ್ತಿದ್ದೆ.

ನಾಲ್ಕನೆಯ ದಿನ ಮಧ್ಯಾಹ್ನ ಜಬೀನಳ ತಂದೆ ರಹಮತ್ ಸಾಬರು ಬಂದರು. ಆರ್.ಟಿ. ನಗರದಲ್ಲಿ ಬಿಲ್ಲು ಮಿಡಿದು ಹತ್ತಿ ಹಿಂಜಿ ಹಾಸಿಗೆ ಹೊಲಿಯುವವರು. ಬಳ್ಳಾರಿ ರಸ್ತೆಯ ಬಿಸಿಲಲ್ಲಿ ಅಷ್ಟು ದೂರ ಸೈಕಲ್ ತುಳಿದು ಬಂದು, ಹುಬ್ಬಿನ ಮೇಲಿನ ಹತ್ತಿಯ ಎಳೆಯನ್ನೂ ಬೆವರನ್ನೂ ಒಟ್ಟಿಗೇ ಒರೆಸಿಕೊಂಡು ನನ್ನೆದುರು ನಿಂತರು.

"ಟೀಚರಮ್ಮಾ, ಬೇಟಿನ ಕರ್ಕೊಂಡ್ ಹೋಗ್ತೀನಿ. ಅವ್ರಮ್ಮ ಅನ್ನ ಮುಟ್ತಾ ಇಲ್ಲ. ಅವಳಿಗೆ ಹಸಿವಾದ್ರೆ, ಹೊಟ್ಟೆ ನೋವಾದ್ರೆ, ಯಾರಿಗೆ ಹೇಳ್ತಾಳೆ? ಅವಳ ಭಾಷೆ ಗೊತ್ತಿರೋದು ನಮಗಿಬ್ಬರಿಗೇ."

"ಎಷ್ಟು ಗೊತ್ತು ಸಾಬ್ರೇ?" ಎಂದೆ, ಅವರನ್ನು ಮಾತಿಗೆಳೆದು ಸ್ವಲ್ಪ ಹೊತ್ತು ತಡೆಯಲು.

ಅವರು ಹೆಮ್ಮೆಯಿಂದ ತೋರಿಸಿದರು: ಊಟ ಮಾಡು, ನೀರು, ಮಲಗು, ಸ್ನಾನ, ಹೊರಗೆ ಹೋಗಬೇಡ. ಅಲ್ಲಿಗೆ ಕೈ ನಿಂತಿತು.

ಅಷ್ಟರಲ್ಲಿ ಅವರ ಕಣ್ಣು ಮರದ ಕೆಳಗೆ ಹೋಯಿತು. ಓರೆಯಾಗಿ ನಿಂತು ಸಭೆಯಲ್ಲಿ ಮುಳುಗಿದ್ದ ಜಬೀನ ತಂದೆ ಬಂದದ್ದನ್ನು ಕಂಡಿರಲಿಲ್ಲ. ಅವಳ ಕೈಗಳು ಬಿಲ್ಲು ಹಿಡಿದವು, ಏನನ್ನೋ ಮಿಡಿದವು, ಗಾಳಿಯಲ್ಲಿ ಏನೋ ಹಾರಿತು. ಆಕೆ ಮೂಗರಳಿಸಿ, ಕಣ್ಣು ಮುಚ್ಚಿ, ತಲೆ ಹಿಂದಕ್ಕೆ ವಾಲಿಸಿದಳು. ಕೂತ ಮಕ್ಕಳು ಹೊಟ್ಟೆ ಹಿಡಿದು ಉರುಳಾಡಿದರು. ಸಾಬರು ಪೆಚ್ಚಾದರು. ಮಗಳ ಕೈಗೆ ಇಷ್ಟೊಂದು ಮಾತು ಬರುತ್ತದೆಂದು ಅವರು ಕನಸಿನಲ್ಲೂ ಎಣಿಸಿರಲಿಲ್ಲ.

"ಏನ್ ಹೇಳ್ತಾ ಇದಾಳಮ್ಮಾ?"

ನನಗೆಲ್ಲಿ ಗೊತ್ತು? ನಾಗರಾಜನನ್ನು ಕರೆದು ಎಡಗಿವಿಗೆ ಕೂಗಿದೆ. ಅವನು ಸಾಬರನ್ನು ಮೇಲಿಂದ ಕೆಳಗೆ ನೋಡಿ, ನಕ್ಕು, "ನಿಮ್ದೇ ಕತೆ ಸಾಬ್ರೇ. ಅಪ್ಪ ಹತ್ತಿ ಇಂಜ್ತಾನೆ, ಹತ್ತಿ ಮೂಗಿಗ್ ಓಯ್ತದೆ, ಸೀನು ಬತ್ತದೆ, ಇಂಗೆ. ಹತ್ತಿ ಎಲ್ಲಾ ಬೀದಿಗ್ ಆರೋಯ್ತು. ಅಪ್ಪ ಇಂದೇ ಓಡ್ತಾ ಅವ್ನೆ," ಎಂದ.

"ನಾನಾ?" ಎಂದರು ಸಾಬರು. ಕೋಪವೋ ನಗುವೋ ಅವರಿಗೇ ತಿಳಿದಂತಿರಲಿಲ್ಲ. "ಹಾಂ, ಆಗಿತ್ತು. ಹೋದ ರಂಜಾನ್ ಮುಂಚೆ ಆಗಿತ್ತು. ಅವಳು ಬಾಗಿಲಲ್ಲಿ ಕೂತಿದ್ಲು."

ಆಗಲೇ ಗರಿಗರಿ ಸೀರೆಯ ಸದ್ದಾಯಿತು. ಲಲಿತಮ್ಮನವರು ಮೆಟ್ಟಿಲ ಮೇಲೆ ನಿಂತಿದ್ದರು. ಅವರನ್ನು ಕಂಡದ್ದೇ ತಡ, ಎಲ್ಲ ಕೈಗಳೂ ಬಿದ್ದವು. ಜಬೀನ ತಿರುಗಿದಳು; ಮುಖ್ಯೋಪಾಧ್ಯಾಯಿನಿಯನ್ನೂ ತಂದೆಯನ್ನೂ ಒಟ್ಟಿಗೇ ಕಂಡಳು. ಕೈಗಳನ್ನು ಲಂಗದೊಳಗೆ ಸುತ್ತಿ ಅಡಗಿಸಿಕೊಂಡಳು. ಜಗತ್ಪ್ರಸಿದ್ಧ ಗಂಟಲಿನ ನಾನು ಮತ್ತೆ ಮಾವಿನಕಾಯಿ ಎಣಿಸತೊಡಗಿದೆ.

ಮಾತಾಡಿದವರು ಸಾಬರು. "ಮೇಡಮ್, ಕಥೆ ಮುಗಿದಿಲ್ಲ. ಮುಗಿಸ್ಲಿ ಬಿಡಿ."

"ನಮ್ಮ ನಿಯಮ ಏನೂಂದ್ರೆ..." ಎಂದು ಲಲಿತಮ್ಮನವರು ಆರಂಭಿಸಿದರು.

"ಹತ್ತು ವರ್ಷ ಆಯ್ತು ಮೇಡಮ್. ಅವಳಿಗೆ ಹೇಳೋಕ್ ಏನೂ ಇಲ್ಲ ಅಂದ್ಕೊಂಡಿದ್ದೆ. ಇದೆಯಲ್ಲಾ!"

ಹಾಗೆಂದವರೇ ಸೀದಾ ಮರದ ಕೆಳಗೆ ಹೋಗಿ ಮಕ್ಕಳ ನಡುವೆ ಚಕ್ಕಳಮಕ್ಕಳ ಕೂತು, ಮಗಳು ಕದಲದ್ದನ್ನು ಕಂಡು ತಾವೇ ಮೂಗರಳಿಸಿ, ಎಂಥ ಸೀನು ಸೀನಿದರೆಂದರೆ, ತಲೆಯ ಟೊಪ್ಪಿಗೆ ಹಾರಿ ನಾಗರಾಜನ ಮಡಿಲಿಗೆ ಬಿತ್ತು. ಮಕ್ಕಳಿಗೆ ಸದ್ದು ಕೇಳಲಿಲ್ಲ. ಟೊಪ್ಪಿಗೆ ಹಾರಿದ್ದು ಮಾತ್ರ ಚೆನ್ನಾಗಿ ಕಂಡಿತು. ಎಲ್ಲರಿಗಿಂತ ಮೊದಲು ನಕ್ಕವಳು ಜಬೀನ. ಲಂಗದಿಂದ ಒಂದು ಕೈ ಹೊರಬಂತು, ಆಮೇಲೆ ಇನ್ನೊಂದು. ಲಲಿತಮ್ಮನವರು ಕೊನೆಗೆ ಮೆಟ್ಟಿಲ ಮೇಲೆ ಸೀರೆ ಮುದುಡುವುದನ್ನೂ ಲೆಕ್ಕಿಸದೆ ಕುಳಿತರು. ಶಾಲೆಯಲ್ಲಿ ಅವರ ನಿಯಮ ಮುಂದೆಯೂ ಹಲವು ವರ್ಷ ಹಾಗೇ ಇತ್ತು. ಶಿಬಿರದ ಉಳಿದ ದಿನಗಳಲ್ಲಿ ಮಾತ್ರ ಅವರು ಊಟದ ನಂತರ ಒಳಗೆ ಹೋಗಿ ಬಾಗಿಲು ಹಾಕಿಕೊಂಡು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿದ್ದೆ ಮಾಡುತ್ತಿದ್ದರು.

ಸಾಬರು ಅಂದು ಒಬ್ಬರೇ ಹಿಂದಿರುಗಿದರು. ಮತ್ತೆ ಬಂದದ್ದು ಶಿಬಿರ ಮುಗಿದ ದಿನ. ಮಗಳ ಟ್ರಂಕನ್ನು ಕ್ಯಾರಿಯರ್‌ಗೆ ಬಿಗಿದು, ನನ್ನ ಬಳಿ ಬಂದು ಸಂಕೋಚದಿಂದ ಕೇಳಿದರು: "ಟೀಚರಮ್ಮಾ, 'ಆಮೇಲೇನಾಯ್ತು' ಅಂತ ಕೈಯಲ್ಲಿ ಹೆಂಗ್ ಕೇಳೋದು?"

ಊದಿದ ಕೆನ್ನೆಗೆ ಅದೂ ಗೊತ್ತಿರಲಿಲ್ಲ. ಜಬೀನಳನ್ನೇ ಕರೆದು, ನಾಗರಾಜನ ಕೈಸನ್ನೆಯಿಂದ ಕೇಳಿಸಿದೆವು. ಅವಳು ತೋರಿಸಿದಳು. ಸಾಬರು ಮಾಡಿದರು, ತಪ್ಪಾಯಿತು. ಅವಳು ಅವರ ಹೆಬ್ಬೆರಳನ್ನು ಹಿಡಿದು ತಿದ್ದಿ, ಇನ್ನೊಮ್ಮೆ ಮಾಡಿಸಿದಳು.

ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿದರೆ ಮಗಳಿಗೆ ತಂದೆಯ ಕೈ ಕಾಣುವುದಿಲ್ಲ. ತಂದೆಗೆ ಅವಳ ಮುಖ ಕಾಣುವುದಿಲ್ಲ. ಸಾಬರು ಹತ್ತಲೂ ಇಲ್ಲ, ಹತ್ತಿಸಲೂ ಇಲ್ಲ. ಒಂದು ಕೈಯಲ್ಲಿ ಸೈಕಲ್ ತಳ್ಳುತ್ತ, ಇನ್ನೊಂದು ಕೈಯಲ್ಲಿ ಕೇಳುತ್ತ, ಲಾರಿಗಳು ಎಷ್ಟು ಹಾರ್ನ್ ಹೊಡೆದರೂ ಇಬ್ಬರಿಗೂ ಕೇಳಿಸದಂತೆ, ಯಲಹಂಕದ ಕಡೆಗೆ ನಡೆದೇ ಹೋದರು.