ಬಚ್ಚಲ ಬಾಗಿಲಿಗೆ ಜೋತುಬಿದ್ದ ಅವ್ವ

ಬಿಳಿಕೆರೆಯಲ್ಲಿ ಬಸ್ಸು ನಿಂತಿತ್ತು. ಕಿಟಕಿಯಿಂದ ನೋಡುತ್ತೇನೆ, ರಸ್ತೆ ಪಕ್ಕದ ಮನೆಯೊಂದರ ಬಚ್ಚಲಿನ ಬಾಗಿಲಿಗೆ ನಮ್ಮವ್ವ ಜೋತುಬಿದ್ದಿದ್ದಾಳೆ! ತಲೆಯ ಮೇಲೆ ಅದೇ ಸೆರಗು, ಅದೇ ಕಣ್ಣು. ಬೈಯುವ ಮುಂಚೆ ಒಂದು ಹುಬ್ಬು ಮೇಲೇರಿಸುತ್ತಾಳಲ್ಲ, ಅದೇ ಹುಬ್ಬು. ಒಳಗೆ ಯಾರೋ ದಬದಬ ನೀರು ಸುರಿದುಕೊಳ್ಳುತ್ತಿದ್ದರು. ಗಾಳಿಗೆ ಅವ್ವನ ಮುಖ ಒಮ್ಮೆ ಉಬ್ಬುತ್ತಿತ್ತು, ಒಮ್ಮೆ ತಗ್ಗುತ್ತಿತ್ತು.

ಗಾಬರಿ ಬೀಳಬೇಡಿ. ಅವ್ವ ಅಲ್ಲೇ ಗದಗಿನಲ್ಲಿ ನಮ್ಮಣ್ಣನ ಮಕ್ಕಳ ಜೊತೆ ದಿನಾ ಜಗಳವಾಡಿಕೊಂಡು ಗಟ್ಟಿಮುಟ್ಟಾಗಿದ್ದಾಳೆ. ಬಾಗಿಲಿಗೆ ಕಟ್ಟಿದ್ದದ್ದು ಇಪ್ಪತ್ತೈದು ಕೆಜಿ ಅಕ್ಕಿಯ ಖಾಲಿ ಚೀಲ. ಅದರ ಮೇಲಿನ ಚಿತ್ರ ಮಾತ್ರ ನನ್ನ ಕೈಯದು. ಹುಣಸೂರಿಗೆ ಬಂದು ನಾನು ಮಾಡಿದ ಮೊದಲನೇ ಚೀಲದ ಡಿಸೈನು. ಅದು ಬಚ್ಚಲಿಗೆ ಹೇಗೆ ಹೋಯಿತು ಅನ್ನುವುದನ್ನು ನಿಮಗೆ ಹೇಳದೆ ಇನ್ಯಾರಿಗೆ ಹೇಳಲಿ? ಇಲ್ಲಿಯವರಿಗೆ ಹೇಳಿದರೆ ನಗುತ್ತಾರೆ.

ಗದಗಿನ ಪ್ರೆಸ್ಸು ಮುಚ್ಚಿದ ಮೇಲೆ ಆರು ತಿಂಗಳು ಖಾಲಿ ಕೂತಿದ್ದೆ. ಚಿತ್ರಕಲಾ ಶಾಲೆಯಲ್ಲಿ ಜೊತೆಗೆ ಓದಿದ ಗೆಳತಿಯೊಬ್ಬಳು ಹುಣಸೂರಿನ ಪ್ರಿಂಟಿಂಗ್ ಅಂಗಡಿಯೊಂದಕ್ಕೆ ಡಿಸೈನರ್ ಬೇಕಂತೆ ಅಂದಳು. ಅದೂ ಕರ್ನಾಟಕವೇ, ಅಲ್ಲಿರುವುದೂ ಕನ್ನಡವೇ, ಏನು ಮಹಾ ಎಂದು ಹೊರಟುಬಿಟ್ಟೆ. "ಮೂರು ತಿಂಗಳಿಗೆ ವಾಪಸ್ ಬರ್ತಿ ನೋಡು," ಎಂದು ಅಣ್ಣ ನಕ್ಕ. ಆ ನಗುವಿಗೆ ನನಗೆ ಮೈಯೆಲ್ಲ ಉರಿದುಹೋಯಿತು. ಅಂಗಡಿಯ ಯಜಮಾನ ಲೋಕೇಶಣ್ಣ ಕೂಡ ಅದೇ ಲೆಕ್ಕ ಹೇಳಿದ್ದರು: ಮೂರು ತಿಂಗಳು ನೋಡೋಣ, ಗಿರಾಕಿಗಳು ಒಪ್ಪಿದರೆ ಉಳಿಯಿರಿ, ಇಲ್ಲದಿದ್ದರೆ ಬೇಜಾರು ಮಾಡ್ಕೋಬೇಡಿ. ಅಣ್ಣನ ಮುಂದೆ ತಲೆ ತಗ್ಗಿಸಿಕೊಂಡು ಬಸ್ಸಿಳಿಯುವುದಕ್ಕಿಂತ ಇಲ್ಲೇ ಮಣ್ಣಾಗುವುದು ವಾಸಿ ಅಂತ ನಾನು ಅಂದೇ ತೀರ್ಮಾನ ಮಾಡಿದ್ದೆ.

ಪರದೇಶಕ್ಕೆ ಹೋದವರಿಗೆ ತಾವು ಪರದೇಶದಲ್ಲಿದ್ದೇವೆ ಅಂತಾದರೂ ಗೊತ್ತಿರುತ್ತದೆ. ನನಗೆ ಆ ಸಮಾಧಾನವೂ ಸಿಗಲಿಲ್ಲ. ಬಾಯಿ ತೆಗೆದರೆ ಸಾಕು, "ಓ, ಉತ್ತರ ಕರ್ನಾಟಕದೋರಾ?" ಅನ್ನುತ್ತಾರೆ. ಮನೆ ಹುಡುಕಲು ಹೋದಾಗ ಒಬ್ಬ ಯಜಮಾನಿ, "ಒಬ್ರೇನಾ? ಯಾಕೆ ಒಬ್ರೇ?" ಎಂದು ತಲೆಯಿಂದ ಕಾಲಿನವರೆಗೆ ನೋಡಿದಳು. ಮಾಂಸ ತಿನ್ನುವುದಿಲ್ಲ ಅಂದರೆ ಮನೆ ಸಿಗುತ್ತದೆ ಅಂತ ನಮ್ಮ ಕಡೆ ರೂಢಿಯಲ್ಲಿ ಹೇಳಿದೆ ನೋಡಿ, ಅದೂ ಉಲ್ಟಾ ಹೊಡೆಯಿತು. "ಅಯ್ಯೋ, ತಿನ್ನಲ್ವಾ? ವಾರಕ್ಕೆರಡು ದಿನ ನಮ್ಮನೇಲಿ ಬಾಡು ಬೇಯ್ತದೆ ಕಣವ್ವ. ಆಮೇಲೆ ನೀವು ಮೂಗು ಮುಚ್ಕೊಂಡು ಓಡಾಡದು, ನಾವು ಸಂಕೋಚ ಪಡದು, ಬ್ಯಾಡ ಬುಡಿ." ಬಾಡು ಅಂದರೆ ಮಾಂಸ. ಅಂತೂ ಒಂದು ಶೀಟಿನ ಮನೆ ಸಿಕ್ಕಿತು. ಮಳೆಗಾಲದಲ್ಲಿ ಸುತ್ತಲ ಊರಿನ ಬ್ಯಾರನ್ನುಗಳು ಹೊತ್ತಿಕೊಂಡವು. ಬ್ಯಾರನ್ನು ಅಂದರೆ ಹೊಗೆಸೊಪ್ಪು ಬೇಯಿಸುವ ಎತ್ತರದ ಗೂಡು. ಆ ವಾಸನೆ ತಲೆಗೂದಲಿಗೆ, ದಿಂಬಿಗೆ, ಕೊನೆಗೆ ಅವ್ವ ಕಟ್ಟಿ ಕಳಿಸಿದ ಕಡಕ್ ರೊಟ್ಟಿಗೂ ಹತ್ತಿತು. ಆ ರೊಟ್ಟಿಯನ್ನು ಕಣ್ಣೀರು ಹಾಕಿಕೊಂಡೇ ತಿಂದೆ. ಮುದ್ದೆಯನ್ನು ಅಗಿಯದೆ ನುಂಗುವುದು ಕಲಿಯಲು ಒಂದು ತಿಂಗಳು ಹಿಡಿಯಿತು.

ಅದಕ್ಕಿಂತ ಕಷ್ಟ, ಗಿರಾಕಿಯನ್ನು ಕಲಿಯುವುದು. ಗದಗಿನ ಪ್ರೆಸ್ಸಿನಲ್ಲಿ ಮದುವೆ ಕಾರ್ಡಿನ ಹಳೇ ಮಾದರಿಗೆ ಹೊಸ ಹೆಸರು ಕೂರಿಸಿ ಕೊಟ್ಟರೆ ಆಯಿತು. ಇಲ್ಲಿ ಬಂದವರೆಲ್ಲ "ಚೆನ್ನಾಗ್ ಮಾಡ್ಕೊಡಿ" ಅಂತ ಹೇಳಿ ಟೀ ಕುಡಿಯಲು ಹೋಗಿಬಿಡುತ್ತಾರೆ. ಚೆನ್ನಾಗಿ ಅಂದರೆ ಹೇಗೆ, ಯಾರ ಕಣ್ಣಿಗೆ? ಪಿರಿಯಾಪಟ್ಟಣ ರಸ್ತೆಯ ಹೋಟೆಲಿನವರೊಬ್ಬರು ಬೋರ್ಡು ಕೇಳಿದರು. ನಾನು ನಾಲ್ಕು ದಿನ ಕೂತು ಬಾಳೆಎಲೆ, ಬಳ್ಳಿ, ಹೊಗೆಯಾಡುವ ಸಾರು ಎಲ್ಲ ಬಿಡಿಸಿದೆ. ಲೋಕೇಶಣ್ಣ ಎರಡು ನಿಮಿಷ ನೋಡಿದರು.

"ಮೇಡಂ, ಭಾಳ ಚೆನ್ನಾಗದೆ. ಆದ್ರೆ ಆ ರಸ್ತೇಲಿ ಜನ ಎಂಗೆ ಓಯ್ತಾರೆ ನೋಡಿದೀರಾ?"

ನೋಡಿರಲಿಲ್ಲ. ಅವರ ಸ್ಕೂಟರಿನ ಹಿಂದೆ ಕೂತು ಹೋಗಿ ನೋಡಿದೆ. ಲಾರಿಗಳು ಭರ್ರನೆ ಹೋಗುತ್ತಿದ್ದವು. ಆ ವೇಗದಲ್ಲಿ ನನ್ನ ಬಳ್ಳಿಯೂ ಕಾಣದು, ಸಾರೂ ಕಾಣದು. ವಾಪಸ್ ಬಂದು ಎಲ್ಲ ಅಳಿಸಿ, ಹಳದಿಯ ಮೇಲೆ ಕಪ್ಪಿನಲ್ಲಿ, ಎಮ್ಮೆಯಷ್ಟು ದೊಡ್ಡದಾಗಿ "ಬಿಸಿ ಮುದ್ದೆ ಊಟ" ಎಂದು ಬರೆದೆ. ಲಾರಿಗಳು ನಿಲ್ಲತೊಡಗಿದವು. ಹೋಟೆಲಿನವರು ನನ್ನನ್ನು ಕರೆದು ಊಟ ಹಾಕಿದರು. ಅವತ್ತು ಮುದ್ದೆ ಸಲೀಸಾಗಿ ಇಳಿಯಿತು. ಇನ್ನು ನಾನು ಕಲಿತೆ, ಗೆದ್ದೆ ಅಂತ ಬೀಗಿದೆ. ಮೂರ್ಖಿ!

ಒಂದೂವರೆ ತಿಂಗಳಾಗಿದ್ದಾಗ ಕೆ.ಆರ್. ನಗರದ ಕಡೆಯ ಅಕ್ಕಿ ಗಿರಣಿಯ ಸಿದ್ದೇಗೌಡರು ಬಂದರು. ಐವತ್ತೈದರ ಮನುಷ್ಯ, ದೊಡ್ಡ ಮೈ, ಸಣ್ಣ ದನಿ. ಹೊಸ ಅಕ್ಕಿ ಚೀಲಕ್ಕೆ ಡಿಸೈನು ಬೇಕಿತ್ತು. ಏನು ಹಾಕೋಣ ಅಂದರೆ ಅವರಿಗೇ ಗೊತ್ತಿಲ್ಲ. ಎಲ್ಲರೂ ಹಾಕುವ ತೆನೆ ಬೇಡ, ನವಿಲು ಬೇಡ. ದೇವರನ್ನು ಹಾಕಿದರೆ ಚೀಲ ಎಲ್ಲಿ ಬಿದ್ದಿರುತ್ತೋ ಏನೋ, ಅದೂ ಬೇಡ. ನೋಡಿ, ದೇವರ ವಿಷಯದಲ್ಲಿ ಇಷ್ಟು ಹುಷಾರಿತ್ತು. ಮಾತಿನ ನಡುವೆ ತಮ್ಮ ತಾಯಿ ಕೆಂಪಮ್ಮನ ಸುದ್ದಿ ತೆಗೆದರು. ತಲೆಯ ಮೇಲೆ ಭತ್ತ ಹೊತ್ತು ಗಿರಣಿ ಕಟ್ಟಿ ನಿಲ್ಲಿಸಿದ ಹೆಂಗಸು, ತೀರಿಕೊಂಡು ವರ್ಷವಾಗಿತ್ತು. "ಗಿರಣಿ ಬಾಗ್ಲು ತೆಗ್ದಾಗ್ಲೆಲ್ಲ ಅವ್ವ ಒಳಗೇ ಕೂತವ್ಳೇನೋ ಅನ್ನಿಸ್ತದೆ ಕಣ್ರೀ," ಎಂದು ಕಣ್ಣೊರೆಸಿಕೊಂಡರು.

"ಅವರನ್ನೇ ಹಾಕೋಣ್ರೀ ಗೌಡ್ರೇ," ಅಂದುಬಿಟ್ಟೆ. ಕೆಂಪಮ್ಮನ ಅಕ್ಕಿ! ಗೌಡರು ಕುರ್ಚಿಯಿಂದ ಎದ್ದು ನಿಂತು ಕೈ ಮುಗಿದರು. ಲೋಕೇಶಣ್ಣ ಹಿಂದಿನಿಂದ ಕಣ್ಣಲ್ಲೇ ಭೇಷ್ ಅಂದರು. ಇದೊಂದು ಗೆದ್ದರೆ ನಾನು ಉಳಿದ ಹಾಗೆ.

ಒಂದೇ ತೊಂದರೆ. ಕೆಂಪಮ್ಮನದು ಒಂದೂ ನೆಟ್ಟಗಿನ ಫೋಟೋ ಇಲ್ಲ. ಇದ್ದದ್ದು ಯಾವುದೋ ಕಾರ್ಡಿನ ಮಸುಕು ಚಿತ್ರ. ಅದರಲ್ಲಿ ಕೆನ್ನೆ, ಗದ್ದ, ಮೂಗುಬಟ್ಟು ಬಿಟ್ಟರೆ ಬಾಕಿ ಎಲ್ಲ ಕಪ್ಪು. ಕಣ್ಣೇ ಇಲ್ಲದ ಮುಖವನ್ನು ಹೇಗೆ ಬಿಡಿಸುವುದು? ಮೂರು ದಿನ ಒದ್ದಾಡಿದೆ. ನಾಲ್ಕನೇ ದಿನ ಕೈ ತಾನಾಗಿ ಹೋಯಿತು. ನನಗೆ ಬಾಯಿಪಾಠವಿದ್ದ ತಾಯಿ ಮುಖ ಒಂದೇ. ಅವ್ವನ ಕಣ್ಣು ಇಟ್ಟೆ, ಅವ್ವನ ಹುಬ್ಬು ಏರಿಸಿದೆ, ತಲೆ ಬೋಳಾಗಿ ಕಂಡಿತೆಂದು ನಮ್ಮ ಕಡೆಯ ಹಾಗೆ ಸೆರಗು ಹೊದಿಸಿದೆ. ಕೆನ್ನೆ, ಗದ್ದ, ಮೂಗುಬಟ್ಟು ಕೆಂಪಮ್ಮನದೇ ಉಳಿಯಿತು. ಗೌಡರು ಬಂದು ನೋಡಿದರು. ಆಮೇಲೆ, "ನಮ್ಮವ್ವನೇ. ಅಂಗೇ ಕೂತವ್ಳೆ," ಎಂದು ಗಳಗಳನೆ ಅತ್ತರು. ನಾನೂ ಅತ್ತೆ. ನನಗೆ ಅವ್ವನ ನೆನಪು, ಅವರಿಗೆ ಅವರವ್ವನದು.

ಚೀಲ ಅಚ್ಚಾಗಿ ಊರೂರಿಗೆ ಹೋಯಿತು. ತಿಂಗಳು ಕಳೆದ ಮೇಲೆ ನಾನು ಒಂದನ್ನು ಮಡಚಿ ಗದಗಿಗೆ ಕಳಿಸಿದೆ. ಯಾರ ಮುಖ ಅಂತ ಹೇಳಲಿಲ್ಲ. ನೋಡಿದ ಕೂಡಲೇ ಅವ್ವ ಕಿರುಚಿಕೊಂಡು ಫೋನು ಮಾಡಬೇಕು, ಅಣ್ಣ ಪಕ್ಕದಲ್ಲಿ ಪೆಚ್ಚಾಗಿ ನಿಂತಿರಬೇಕು, ಇದು ನನ್ನ ಆಸೆ. ಅದಾದ ವಾರಕ್ಕೇ ಬಿಳಿಕೆರೆಯ ಬಚ್ಚಲು ಕಂಡದ್ದು.

ಬಸ್ಸಿನಿಂದ ದುಡುದುಡು ಇಳಿದು ಆ ಮನೆಗೆ ಹೋದೆ. ಯಜಮಾನಿ ತಲೆ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಇದೇನಮ್ಮ, ಹಿರಿಯ ಹೆಂಗಸಿನ ಮುಖವನ್ನು ತಂದು ಬಚ್ಚಲಿಗೆ ಕಟ್ಟಿದ್ದೀರಲ್ಲ ಎಂದು ರೇಗಿದೆ. ಆಕೆ ಕಣ್ಣು ಬಿಟ್ಟಳು.

"ಇನ್ನೆಲ್ಲಿ ಆಕನವ್ವ? ಬ್ಯಾರೆ ಚೀಲ ಆಗಿದ್ರೆ ಕಾಲೊರೆಸಕ್ಕೆ ಆಕ್ತಿದ್ದೆ, ಕೊಟ್ಟಿಗೇಲಿ ಅಸ ಮಲಗಕ್ಕೆ ಆಸ್ತಿದ್ದೆ, ಮಳೆ ಬಂದ್ರೆ ಗೊಪ್ಪೆ ಮಾಡ್ಕೊತಿದ್ದೆ. ಇದ್ರಲ್ಲಿ ಯಾರದೋ ತಾಯಿ ಮಖ ಅದೆ. ತುಳಿಯಕ್ಕೆ ಮನ್ಸು ಬರ್ನಿಲ್ಲ. ಅದ್ಕೇ ಮೇಲುಕ್ಕೆ ಕಟ್ದೆ."

ಗೊಪ್ಪೆ ಅಂದರೆ ಚೀಲದ ಒಂದು ಮೂಲೆಯನ್ನು ಒಳಕ್ಕೆ ಮಡಚಿ ತಲೆಗೆ ಹಾಕಿಕೊಳ್ಳುವ ಮಳೆಯ ಹೊದಿಕೆ. ನಮ್ಮ ಕಡೆಯೂ ಉಂಟಲ್ಲ! ನಮ್ಮವ್ವ ಗೊಬ್ಬರದ ಚೀಲ ಬಿಚ್ಚಿ ಅದರ ಮೇಲೆ ಮೆಣಸಿನಕಾಯಿ ಒಣಗಿಸಿದ್ದನ್ನು ನೋಡಿಕೊಂಡೇ ನಾನು ಬೆಳೆದಿದ್ದು. ಅಕ್ಕಿ ಒಂದು ತಿಂಗಳು, ಚೀಲ ಮೂರು ವರ್ಷ. ಇಷ್ಟು ತಿಳಿಯದ ಹಾಗೆ ನನ್ನ ಬುದ್ಧಿ ಎಲ್ಲಿ ಹಾಳಾಗಿ ಹೋಗಿತ್ತು? ಗೌಡರ ದುಃಖ ಕೇಳಿಸಿಕೊಂಡೆ, ನನ್ನ ದುಃಖ ಸೇರಿಸಿದೆ, ಆ ಚೀಲವನ್ನು ದಿನಾ ಬಳಸುವ ಹೆಂಗಸನ್ನು ಒಂದು ಮಾತು ಕೇಳಲಿಲ್ಲ.

ಎರಡೇ ದಿನಕ್ಕೆ ಗಿರಣಿಯಿಂದ ಕರೆ ಬಂತು. ಹೋದರೆ ಗೌಡರ ಪಕ್ಕದಲ್ಲಿ ಅವರ ಅಕ್ಕ ಜಯಮ್ಮ. ಹಾರನಹಳ್ಳಿಗೆ ಕೊಟ್ಟ ಹೆಣ್ಣುಮಗಳು, ಅಲ್ಲಿ ಯಾರದೋ ಕಕ್ಕಸಿನ ಬಾಗಿಲಲ್ಲಿ ಚೀಲ ನೋಡಿ ಬೆಂಕಿಯಾಗಿ ಬಂದಿದ್ದಳು. ಬಿಳಿಕೆರೆಯ ಹೆಂಗಸು ಹೇಳಿದ್ದನ್ನು ನಾನು ಹೇಳಿದೆ, ತುಳಿಯಲು ಮನಸ್ಸು ಬಾರದೆ ಕಟ್ಟಿದ್ದಂತೆ ಅಂದೆ.

"ಮರ್ವಾದೆಗೆ ಕಕ್ಕಸ್ಗೆ ಕಟ್ಟಾರಾ?" ಎಂದಳು ಜಯಮ್ಮ. ಆಮೇಲೆ ಚೀಲವನ್ನು ನನ್ನ ಮುಂದೆ ಹಿಡಿದಳು. "ಅದು ಅತ್ಲಾಗಿರ್ಲಿ. ಇದ್ಯಾರು? ನಮ್ಮವ್ವ ಒಂದು ದಿನ ತಲೆ ಮ್ಯಾಲೆ ಸೆರಗು ಹಾಕ್ದೋಳಲ್ಲ. ಸೊಂಟುಕ್ಕೆ ಸಿಗಿಸ್ಕೊಂಡು ಗಂಡಸಿನಂಗೆ ಗೇಯ್ದೋಳು. ಈ ಕಣ್ಣು ಅವಳ್ದಲ್ಲ. ಇವಳ್ಯಾರೋ ಉತ್ತರ ಕರ್ನಾಟಕದೋಳು!"

ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ. "ಹೌದ್ರೀ. ಕಣ್ಣು ನಮ್ಮವ್ವಂದು," ಅಂದೆ.

ಬೈಗುಳ ಬರುತ್ತದೆ ಎಂದು ಕಾದೆ. ಗೌಡರು ಚೀಲವನ್ನು ಎಳೆದುಕೊಂಡು, ಬೆಳಕಿಗೆ ಹಿಡಿದು, ತುಂಬ ಹೊತ್ತು ನೋಡಿದರು. ಆ ದೊಡ್ಡ ಮೈ ಕುಗ್ಗಿಹೋಯಿತು. "ಐವತ್ತು ವರ್ಸ ಜತೇಲಿದ್ದೆ ಕಣಕ್ಕ. ನಂಗೇ ಗೊತ್ತಾಗ್ನಿಲ್ವಲ್ಲ," ಅಂದರು. ಮತ್ತೆ ನನ್ನ ಕಡೆ ನೋಡಲಿಲ್ಲ. ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಇದ್ದ ಒಂದು ನೆನಪಿನ ಮೇಲೆ ನಾನು ಬೇರೆ ಮುಖ ಅಂಟಿಸಿದ್ದೆ. ಇನ್ನು ಆ ಮನುಷ್ಯ ಕಣ್ಣು ಮುಚ್ಚಿದರೆ ಯಾರು ಕಾಣುತ್ತಾರೋ ಏನೋ.

ಮುಂದಿನ ಚೀಲಕ್ಕೆ ನಾನು ಯಾರ ಕಣ್ಣೀರನ್ನೂ ಕೇಳಲಿಲ್ಲ. ಊರೂರು ಅಲೆದು ಹೆಂಗಸರನ್ನು ಕೇಳಿದೆ. ಮುಖ ಬೇಡ, ದೇವರು ಬೇಡ, ಒಗೆದರೆ ಅಕ್ಷರ ಹೋಗಬೇಕು, ಅಂಚು ಚೆನ್ನಾಗಿರಲಿ, ಎಂದರು. ಹಾಗೇ ಮಾಡಿದೆ. ನಡುವೆ ಖಾಲಿ, ಸುತ್ತ ಸೀರೆಯಂಥ ಕೆಂಪು ಅಂಚು, ಗೊಪ್ಪೆ ಮಾಡಿಕೊಂಡರೆ ಅಂಚು ನೆಟ್ಟಗೆ ಹಣೆಯ ಮೇಲೆ ಬರುತ್ತದೆ. ಗೌಡರು ಅಂಗಡಿಗೆ ಬಾರದೆ ಫೋನಿನಲ್ಲೇ ಒಪ್ಪಿದರು. ಚೀಲಕ್ಕಾಗಿಯೇ ಅಕ್ಕಿ ಕೇಳುವವರು ಬಂದರಂತೆ. "ಇವಾಗ ಕಲ್ತ್ರಿ ನೋಡಿ. ಇನ್ನೆಲ್ಲೂ ಓಗ್ಬೇಡಿ, ಇಲ್ಲೇ ಇರಿ," ಎಂದರು ಲೋಕೇಶಣ್ಣ. ಅವರು ಕೊಟ್ಟ ಮೂರು ತಿಂಗಳ ಗಡುವು ಆಗಲೇ ದಾಟಿತ್ತು. ಬೇಕೆಂದದ್ದು ಕೈಗೆ ಬಂದಾಗ ಕುಣಿದಾಡುತ್ತೇನೆ ಅಂದುಕೊಂಡಿದ್ದೆ. ಮನೆಗೆ ಬಂದು ಮುಸುಕು ಹಾಕಿಕೊಂಡು ಮಲಗಿದೆ.

ಭಾನುವಾರ ಅವ್ವನ ಫೋನು ಬಂತು. ನೆಗಡಿ, ಸೊಸೆ, ಮೆಣಸಿನಕಾಯಿ ಎಲ್ಲ ಹೇಳಿ ಮುಗಿಸಿದಳು. ಈ ಸಲವೂ ಚೀಲದ ಮಾತಿಲ್ಲ. ತಡೆಯಲಾರದೆ ನಾನೇ ಕೇಳಿದೆ. "ಚೀಲ ಮುಟ್ಟಿತೇನ? ಚಿತ್ರ ನೋಡಿದ್ಯಾ?"

"ಹ್ಞೂಂ, ನೋಡೀನಿ. ಯಾರಕಿ ಆ ಮುದುಕಿ? ಸೆರಗೇನೋ ನಮ್ಮ ಹಂಗ ಹೊತ್ತಾಳ. ಮಾರಿ ನೋಡಿದ್ರ ಮೈಸೂರ ಕಡೆಯಾಕಿ ಅನಸ್ತೈತಿ."

ಹುಣಸೂರಿನ ಶೀಟಿನ ಮೇಲೆ ಮಳೆ ಬೀಳುತ್ತಿತ್ತು.

"ಚೀಲ ಮಾತ್ರ ಗಟ್ಟಿ ಐತಿ," ಅಂದಳು ಅವ್ವ. "ಯಾರ ತಾಯಿನೋ ಏನೋ, ತುಳಿಯಾಕ ಮನಸ್ಸಾಗಲಿಲ್ಲ. ಬಚ್ಚಲಕ್ಕ ಬಾಗಲಾ ಇರಲಿಲ್ಲಲ್ಲ, ಅದಕ್ಕ ಕಟ್ಟೀನಿ."